ಕಿತ್ತಳೆ ಬಣ್ಣದ ತಟ್ಟೆ

ಅಣ್ಣನ ಮಗಳು ಹೋದ ದಸರಾ ರಜೆಯಲ್ಲಿ ಒಂದು ಹಾಡಿನ ತಟ್ಟೆ ಕೊಂಡಳು. ಕಿತ್ತಳೆ ಬಣ್ಣದ ತಟ್ಟೆ. ಅದರ ಮೈಯೊಳಗೆ ನೀರಿಗೆ ಹಾಲು ಬಿಟ್ಟಂತೆ ಬಿಳಿ ಎಳೆಗಳು ಹರಡಿದ್ದವು. ಕಿಟಕಿಗೆ ಹಿಡಿದರೆ ಆಚೆ ಬದಿಯ ಬೆರಳು ಮಸುಕಾಗಿ ಕಾಣುತ್ತಿತ್ತು. ತಂದು ಮೂರು ದಿನವೂ ಆಗಿರಲಿಲ್ಲ, ಅವಳ ಒಂದೂವರೆ ವರ್ಷದ ಮಗ ಅದನ್ನು ಲಕೋಟೆಯಿಂದ ಎಳೆದು ಅಂಚನ್ನು ಚೀಪುತ್ತಾ ಕೂತಿದ್ದ. ತಟ್ಟೆ ಕಿತ್ತಿಟ್ಟು, ಮಗುವಿನ ಬಾಯಿ ತೊಳೆಸಿ, ನನಗೆ ಫೋನು ಮಾಡಿದಳು. “ಚಿಕ್ಕಪ್ಪ, ಇದರೊಳಗೆ ಏನೇನು ಹಾಕಿರ್ತಾರೆ? ಸೀಸ ಗೀಸ ಇರತ್ತಾ?”

ಲಕೋಟೆ ಓದು ಎಂದೆ. ಓದಿದಳು. ಹಾಡಿದವರು, ನುಡಿಸಿದವರು, ಮುದ್ರಿಸಿಕೊಂಡ ಎಂಜಿನಿಯರು, ಫೋಟೊ ತೆಗೆದವರು, ಅಕ್ಷರ ಬಿಡಿಸಿದವರು, ಎಲ್ಲರ ಹೆಸರೂ ಇತ್ತು. ತಟ್ಟೆ ಯಾವುದರಿಂದ ಆಗಿದೆ ಎಂದು ಎಲ್ಲೂ ಬರೆದಿರಲಿಲ್ಲ. ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಮೈದಾ, ಸಕ್ಕರೆ, ತಾಳೆಣ್ಣೆ ಎಂದು ಅಚ್ಚಾಗಿರುತ್ತದೆ. ಮೂರು ಸಾವಿರ ರೂಪಾಯಿ ಕೊಟ್ಟು ತಂದು, ತಲೆಮಾರುಗಟ್ಟಲೆ ಮನೆಯಲ್ಲಿ ಇಟ್ಟುಕೊಳ್ಳುವ ಪ್ಲಾಸ್ಟಿಕ್ಕಿನ ಮೇಲೆ ಅಂಥದ್ದೊಂದು ಸಾಲೂ ಇಲ್ಲ. ಅವಳು ಕಂಪನಿಗೆ ಮಿಂಚಂಚೆ ಬರೆದಳು. ನಮ್ಮ ಸರಕೆಲ್ಲ ನಿಯಮಕ್ಕೆ ಒಳಪಟ್ಟಿದೆ, ಮಿಶ್ರಣದ ವಿವರ ವ್ಯಾಪಾರದ ಗುಟ್ಟು ಎಂದು ಉತ್ತರ ಬಂತು. ಈ ಲೇಖನ ಬರೆಯಲು ಆ ಉತ್ತರವೇ ಕಾರಣ.

ಮೊದಲು ಮಗುವಿನ ವಿಷಯ. ತಟ್ಟೆಯ ಮೂಲವಸ್ತು ಪಿವಿಸಿ, ಅಂದರೆ ಪಾಲಿವಿನೈಲ್ ಕ್ಲೋರೈಡ್. ನಮ್ಮ ಬಾವಿಯ ಪೈಪಿನದೂ ಅದೇ ವಂಶ. ತಟ್ಟೆಗೆ ಬಳಸುವಾಗ ಅದರ ಜೊತೆ ವಿನೈಲ್ ಅಸಿಟೇಟ್ ಬೆಸೆದಿರುತ್ತಾರೆ. ಅದರಿಂದ ವಸ್ತು ಬಿಸಿಗೆ ಸಲೀಸಾಗಿ ಕರಗಿ, ಕೂದಲಿಗಿಂತ ಸಣ್ಣ ಗೀರುಗಳೊಳಕ್ಕೂ ಹರಿದು ಕೂರುತ್ತದೆ. ಹೀಗಾಗಿ ಪ್ಲಾಸ್ಟಿಕ್ ಮೆದುವಾಗಲೆಂದು ಬೆರೆಸುವ ಥ್ಯಾಲೇಟಿನ ಎಣ್ಣೆಗಳು ತಟ್ಟೆಗೆ ಹೆಚ್ಚುಕಡಿಮೆ ಬೇಕಾಗುವುದಿಲ್ಲ. ಆ ಎಣ್ಣೆಗಳಿರುವುದು ತಟ್ಟೆಯ ಮೇಲೆ ಹಾಕುವ ಮೆತ್ತನೆಯ ಪಿವಿಸಿ ಕವರಿನಲ್ಲಿ. ಹಳೆಯ ಸಂಗ್ರಹದಲ್ಲಿ ತಟ್ಟೆಯ ಮೇಲೆ ಎಷ್ಟು ಒರೆಸಿದರೂ ಹೋಗದ ಮಂಜು ಕವಿದಂಥ ಕಲೆ ನೋಡಿರಬಹುದು. ಕವರಿನ ಎಣ್ಣೆ ವರ್ಷಗಟ್ಟಲೆ ಜಿನುಗಿ ಕೂತ ಗುರುತು ಅದು. ಅಂಥ ಕವರನ್ನು ನಾನಂತೂ ಮನೆಯಿಂದಾಚೆ ಹಾಕಿದ್ದೇನೆ.

ಉಳಿದದ್ದು ಎರಡು, ಬಣ್ಣ ಮತ್ತು ಕಾಪು. ಪಿವಿಸಿ ಬೆಲ್ಲದ ಪಾಕದ ಹಾಗೆ. ಹದ ಮೀರಿ ಕಾಯಿಸಿದರೆ ಕಂದುತ್ತದೆ, ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಅದನ್ನು ತಡೆಯಲು ಬೆರೆಸುವ ಕಾಪಿನ ವಸ್ತುವಿಗೆ ಸ್ಟೆಬಿಲೈಸರ್ ಎನ್ನುತ್ತಾರೆ. ಹಿಂದಿನ ಪಾಕಗಳಲ್ಲಿ ಈ ಕೆಲಸಕ್ಕೆ ಸೀಸದ ಸಂಯುಕ್ತಗಳು ಚಾಲ್ತಿಯಲ್ಲಿದ್ದವು. ಈಗ ಕ್ಯಾಲ್ಸಿಯಂ–ಸತುವಿನ ಜೋಡಿ ಅದೇ ಕೆಲಸ ಮಾಡಬಲ್ಲದು. ಬಣ್ಣದ ಕಥೆಯೂ ಹೀಗೇ. ಕಪ್ಪು ತಟ್ಟೆ ಕಪ್ಪಾಗುವುದು ಇಂಗಾಲದ ಮಸಿಯಿಂದ, ಅದೂ ತೀರ ಸ್ವಲ್ಪ ಸಾಕು. ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಗೆ ಇಪ್ಪತ್ತನೇ ಶತಮಾನದ ಪ್ಲಾಸ್ಟಿಕ್ ಉದ್ಯಮ ನೆಚ್ಚಿದ್ದು ಸೀಸದ ಕ್ರೋಮೇಟನ್ನು, ಕ್ಯಾಡ್ಮಿಯಂ ವರ್ಣಗಳನ್ನು. ಬಿಸಿಗೆ ಕೆಡದೆ ಗಾಢವಾಗಿ ನಿಲ್ಲುತ್ತವೆ ಎಂಬುದೇ ಕಾರಣ. ಇವತ್ತು ಅದಕ್ಕೂ ಬದಲಿ ವರ್ಣಗಳಿವೆ, ಯೂರೋಪಿನ ಕಾನೂನು ಅವನ್ನೇ ಬಳಸುವಂತೆ ತಯಾರಕರನ್ನು ದೂಡಿದೆ.

ಈ ಬಣ್ಣ, ಈ ಕಾಪು ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಕೊಂಡಿರುವುದರಿಂದ ಒಂದು ಗಳಿಗೆ ನೆಕ್ಕಿದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ, ಆದರೆ ಅದು ಹಲ್ಲು ಬರುವ ಮಗು ಕಡಿಯುವ ವಸ್ತು ಆಗಬಾರದು ಎಂದು ಅವಳಿಗೆ ಹೇಳಿದೆ. ತಟ್ಟೆ ಮುಟ್ಟಿ, ಎತ್ತಿ, ನುಡಿಸುವ ದೊಡ್ಡವರಿಗೆ ಅದರಿಂದ ಅಪಾಯವಿದೆ ಎಂದು ಹೇಳಲು ಆಧಾರ ನನಗೆ ಕಂಡಿಲ್ಲ. ಹೆದರಿಸುವುದು ನನ್ನ ಉದ್ದೇಶವೂ ಅಲ್ಲ. ಆದರೂ ಅವಳ ಪ್ರಶ್ನೆ ನ್ಯಾಯವಾದದ್ದು. ಸೀಸಕ್ಕೆ ಮಕ್ಕಳ ಮೈಯಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 2007ರಲ್ಲಿ ಒಂದು ಅಧ್ಯಯನ ಅಚ್ಚಾಯಿತು. ದೆಹಲಿ, ಮುಂಬಯಿ, ಚೆನ್ನೈಗಳ ಅಂಗಡಿಗಳಲ್ಲಿ ಕೊಂಡ ಮೆತ್ತನೆಯ ಪ್ಲಾಸ್ಟಿಕ್ ಆಟಿಕೆಗಳನ್ನು ಪರೀಕ್ಷಿಸಿದಾಗ ಪಿವಿಸಿ ಆಟಿಕೆಗಳಲ್ಲಿ ಸೀಸವೂ ಕ್ಯಾಡ್ಮಿಯಮ್ಮೂ ಸಿಕ್ಕವು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ವಿಷಬಾಧೆಗೆಂದೇ ರಾಷ್ಟ್ರೀಯ ಕೇಂದ್ರ ಕಟ್ಟಿದ ತುಪ್ಪಿಲ್ ವೆಂಕಟೇಶ್ ಅವರು ಗೋಡೆಯ ಬಣ್ಣ, ಬ್ಯಾಟರಿ, ಆಟಿಕೆ ಎಂದು ಒಂದೊಂದರ ಹಿಂದೆಯೂ ಬಿದ್ದು ವರ್ಷಗಟ್ಟಲೆ ದುಡಿದರು. ಇಂಥವರ ದುಡಿಮೆಯ ಫಲವಾಗಿ ನಿಯಮಗಳು ಬಂದವು. ಗೋಡೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂದು 2016ರಲ್ಲಿ, ಪಿವಿಸಿ ಪೈಪಿಗೆ 2021ರಲ್ಲಿ. ಹಾಡಿನ ತಟ್ಟೆ ಗೋಡೆಯ ಬಣ್ಣವೂ ಅಲ್ಲ, ಪೈಪೂ ಅಲ್ಲ. ಕಾನೂನಿನ ಕಣ್ಣಿಗೆ ಅದು ಆಟಿಕೆಯೂ ಅಲ್ಲ. ಹಾಗಾಗಿ ಈ ಬೇಲಿಗಳ ಸಂದಿನಲ್ಲಿ ಅದು ಸುಲಭವಾಗಿ ನುಸುಳುತ್ತದೆ. ಯೂರೋಪಿನ ಒಕ್ಕೂಟ ಹೀಗೆ ವಸ್ತುವಿನ ಹೆಸರು ಹಿಡಿದು ಹೋಗಲಿಲ್ಲ. ಪಿವಿಸಿಯಿಂದ ಮಾಡಿದ ಸರಕಿನಲ್ಲಿ ನೂರಕ್ಕೆ 0.1 ಪಾಲು ಅಥವಾ ಅದಕ್ಕಿಂತ ಹೆಚ್ಚು ಸೀಸ ಇರಬಾರದೆಂದು 2024ರ ನವೆಂಬರಿನಿಂದ ಜಾರಿಗೆ ತಂದಿತು. ನಮಗೂ ಬೇಕಾದದ್ದು ಅಂಥ ನಿಯಮ.

ಇಷ್ಟೆಲ್ಲ ಹೇಳಿದ ಮೇಲೂ, ತಟ್ಟೆಯ ನಿಜವಾದ ಕೇಡು ನಮ್ಮ ನಡುಮನೆಯಲ್ಲಿ ಆಗುವಂಥದ್ದಲ್ಲ. ಅದು ತಟ್ಟೆ ಹುಟ್ಟುವ ಜಾಗದಲ್ಲಿ ಆಗುತ್ತದೆ. ಪಿವಿಸಿಯ ತಾಯಿವಸ್ತು ವಿನೈಲ್ ಕ್ಲೋರೈಡ್ ಎಂಬ ಅನಿಲ. ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಸಂಶಯಕ್ಕೆ ಎಡೆಯಿಲ್ಲದೆ ಸಾಬೀತಾದ ವಸ್ತುಗಳ ಪಟ್ಟಿಯಲ್ಲಿ ಅದರ ಹೆಸರಿದೆ. 1974ರ ಜನವರಿಯಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ಊರಿನ ಬಿ.ಎಫ್. ಗುಡ್‌ರಿಚ್ ಕಾರ್ಖಾನೆಯಿಂದ ಒಂದು ಸುದ್ದಿ ಹೊರಬಿತ್ತು. ಅಲ್ಲಿನ ಕೆಲಸಗಾರರು ಯಕೃತ್ತಿನ ಆಂಜಿಯೊಸಾರ್ಕೊಮಾ ಎಂಬ ಕ್ಯಾನ್ಸರಿನಿಂದ ಸತ್ತಿದ್ದರು. ವೈದ್ಯರು ಇಡೀ ವೃತ್ತಿಜೀವನದಲ್ಲಿ ಒಂದು ಸಲವೂ ಕಾಣದಷ್ಟು ಅಪರೂಪದ ರೋಗ ಅದು, ಒಂದೇ ಕಾರ್ಖಾನೆಯ ಹಲವರಿಗೆ ಬಂದಿತ್ತು. ಪ್ಲಾಸ್ಟಿಕ್ ಬೇಯಿಸುವ ದೊಡ್ಡ ಹಂಡೆಗಳ ಒಳಕ್ಕೆ ಇಳಿದು, ಗೋಡೆಗೆ ಅಂಟಿದ ಗಟ್ಟಿಯನ್ನು ಕೈಯಾರೆ ಕೆರೆದು ತೆಗೆಯುವುದು ಆ ಕಾಲದ ಪಿವಿಸಿ ಕಾರ್ಖಾನೆಗಳಲ್ಲಿ ದಿನನಿತ್ಯದ ಕೆಲಸ. ಹಂಡೆಯೊಳಗೆ ಉಳಿದ ಅನಿಲವನ್ನು ಅವರು ಉಸಿರಾಡುತ್ತಿದ್ದರು.

ನನ್ನನ್ನು ಹೆಚ್ಚು ಕಲಕುವುದು ಇದರ ಹಿಂದಿನ ಮಾತು. ಇಟಲಿಯ ವಿಜ್ಞಾನಿ ಚೆಸಾರೆ ಮಾಲ್ಟೋನಿ ಈ ಅನಿಲದಿಂದ ಇಲಿಗಳಿಗೆ ಅದೇ ರೋಗ ಬರುವುದನ್ನು ಮೊದಲೇ ಕಂಡಿದ್ದರು. ಯೂರೋಪಿನ ಕಂಪನಿಗಳು ಆ ಫಲಿತಾಂಶವನ್ನು ಅಮೆರಿಕದ ರಾಸಾಯನಿಕ ಉದ್ಯಮದ ಸಂಘದೊಂದಿಗೆ ಹಂಚಿಕೊಂಡವು, ಆದರೆ ಹೊರಗೆ ಬಿಡುವುದಿಲ್ಲ ಎಂಬ ಒಪ್ಪಂದದ ಮೇಲೆ. ಆ ಕಾಗದಗಳು ಮುಂದೆ ಬೆಳಕಿಗೆ ಬಂದವು. ಜೆರಾಲ್ಡ್ ಮಾರ್ಕೊವಿಟ್ಸ್ ಮತ್ತು ಡೇವಿಡ್ ರೋಸ್ನರ್ ಎಂಬ ಇತಿಹಾಸಕಾರರು 2002ರ ತಮ್ಮ ಪುಸ್ತಕದಲ್ಲಿ ಅದನ್ನೆಲ್ಲ ಬಿಡಿಸಿಟ್ಟಿದ್ದಾರೆ. ಹಂಡೆಗೆ ಇಳಿಯುತ್ತಿದ್ದವನಿಗೆ ಆ ಒಪ್ಪಂದದ ಸುಳಿವೂ ಇರಲಿಲ್ಲ. ಸುದ್ದಿ ಒಡೆದ ಮೇಲೆ ಅಮೆರಿಕದ ಸರಕಾರ ಗಾಳಿಯಲ್ಲಿ ಈ ಅನಿಲದ ಮಿತಿಯನ್ನು ಹತ್ತು ಲಕ್ಷಕ್ಕೆ 500 ಪಾಲಿನಿಂದ ಒಂದೇ ಪಾಲಿಗೆ ಇಳಿಸಿತು. ಉದ್ಯಮವೇ ಮುಳುಗುತ್ತದೆ ಎಂದು ಕಂಪನಿಗಳು ಕೂಗಾಡಿದವು. ಒಂದೆರಡು ವರ್ಷದಲ್ಲಿ ಹಂಡೆಗಳನ್ನು ಮುಚ್ಚಿ ತೊಳೆಯುವ ವ್ಯವಸ್ಥೆ ಬಂತು, ಉದ್ಯಮ ಬೆಳೆಯುತ್ತಲೇ ಹೋಯಿತು. ಎಪ್ಪತ್ತರ ದಶಕವನ್ನು ತಟ್ಟೆಯ ಸುವರ್ಣಯುಗ ಎನ್ನುತ್ತೇವೆ. ನನ್ನ ಕಪಾಟಿನ ಅರ್ಧಕ್ಕರ್ಧ ಆ ದಶಕದ್ದು. ಆ ತಟ್ಟೆಗಳನ್ನು ಎತ್ತಿ ಇಡುವಾಗ ಲೂಯಿವಿಲ್ಲಿನ ಹಂಡೆ ನೆನಪಾಗುತ್ತದೆ.

ವ್ಯಾಪಾರದ ಗುಟ್ಟು ಎಂಬ ಉತ್ತರಕ್ಕೆ ನಾನು ಯಾಕೆ ಸಿಟ್ಟಾದೆ ಎಂಬುದು ಇಲ್ಲಿಗೆ ತಿಳಿದಿರಬೇಕು. ಪಿವಿಸಿಯ ಚರಿತ್ರೆಯಲ್ಲಿ ಗುಟ್ಟಿಗೆ ಜನ ಜೀವ ತೆತ್ತಿದ್ದಾರೆ.

ಇದು ಮುಗಿದ ಕಥೆ ಎನ್ನುವಂತೆಯೂ ಇಲ್ಲ. 2023ರ ಫೆಬ್ರವರಿ 3ರ ರಾತ್ರಿ ಅಮೆರಿಕದ ಓಹಾಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್ ಎಂಬ ಸಣ್ಣ ಊರಿನಲ್ಲಿ ಗೂಡ್ಸ್ ರೈಲು ಹಳಿ ತಪ್ಪಿತು. ಅದರಲ್ಲಿ ಐದು ಟ್ಯಾಂಕರು ವಿನೈಲ್ ಕ್ಲೋರೈಡ್ ಇತ್ತು. ಸಿಡಿಯುತ್ತದೆಂಬ ಭಯದಿಂದ ಮೂರು ದಿನದ ಮೇಲೆ ಅದನ್ನು ಬೇಕೆಂದೇ ಹೊರಬಿಟ್ಟು ಸುಟ್ಟರು. ಊರಿನ ಮೇಲೆ ಕಪ್ಪು ಹೊಗೆಯ ಕಂಬವೇ ಎದ್ದಿತು. ಹಾಗೆ ಸುಡುವ ಅಗತ್ಯವೇ ಇರಲಿಲ್ಲ ಎಂದು ಅಪಘಾತದ ತನಿಖೆ ಆಮೇಲೆ ಹೇಳಿತು. ಆ ಟ್ಯಾಂಕರುಗಳು ಹಾಡಿನ ತಟ್ಟೆಗೆಂದೇ ಹೊರಟಿದ್ದವು ಎಂದು ನಾನು ಹೇಳುತ್ತಿಲ್ಲ. ಪಿವಿಸಿಯ ಬಹುಪಾಲು ಪೈಪು, ಕಿಟಕಿ ಚೌಕಟ್ಟು, ತಂತಿಯ ಹೊದಿಕೆಗಳಿಗೆ ಹೋಗುತ್ತದೆ. ತಟ್ಟೆಯದು ಅದರಲ್ಲಿ ಚಿಟಿಕೆಯಷ್ಟು. ಆದರೆ ನೀರಿನ ಪೈಪು ಬದುಕಿಗೆ ಬೇಕು. ಬೇಕೆಂದೇ, ಪ್ರೀತಿಗೆಂದೇ ಕೊಳ್ಳುವ ವಸ್ತುವಿನ ವಿಷಯದಲ್ಲಿ ಕೇಳಿ ತಿಳಿಯುವ ಹೊಣೆ ಹೆಚ್ಚು ಎಂದೇ ನಾನು ನಂಬಿದ್ದೇನೆ.

ಇನ್ನು ಬಣ್ಣ. ಬಣ್ಣದ ತಟ್ಟೆ ಈಚಿನ ಹುಚ್ಚು ಎಂದುಕೊಂಡವರಿದ್ದಾರೆ. ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿ 1949ರಲ್ಲಿ ನಿಮಿಷಕ್ಕೆ 45 ಸುತ್ತಿನ ಪುಟ್ಟ ತಟ್ಟೆ ತಂದಾಗಲೇ ಸಂಗೀತದ ಜಾತಿಗೊಂದು ಬಣ್ಣ ಗೊತ್ತುಮಾಡಿತ್ತು. ಶಾಸ್ತ್ರೀಯಕ್ಕೆ ಕೆಂಪು, ಹಳ್ಳಿಗಾಡಿನ ಹಾಡಿಗೆ ಹಸಿರು, ಮಕ್ಕಳ ಹಾಡಿಗೆ ಹಳದಿ. ಜಪಾನಿನ ತೋಷಿಬಾ ಕಂಪನಿ ದೂಳು ಹಿಡಿಯದ ತಟ್ಟೆಯ ಗುರುತಾಗಿ ಕೆಂಪು ಬಳಸಿತು. ಆಗ ಬಣ್ಣ ನೋಡಿದರೆ ಒಳಗಿನದು ಗೊತ್ತಾಗುತ್ತಿತ್ತು. ಈಗ ಒಂದೇ ಆಲ್ಬಂ ಆರೆಂಟು ಬಣ್ಣದಲ್ಲಿ ಬರುತ್ತದೆ, ಪ್ರತಿ ಅಂಗಡಿಗೊಂದು, ಪ್ರತಿ ವಾರಕ್ಕೊಂದು. ಹಾಡು ಅದೇ, ಗೀರು ಅದೇ. ಅಭಿಮಾನಿ ಎಲ್ಲವನ್ನೂ ಕೊಳ್ಳುತ್ತಾನೆ, ಕೊಂಡದ್ದೆಲ್ಲ ಜನಪ್ರಿಯತೆಯ ಪಟ್ಟಿಯಲ್ಲಿ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಗಾಯಕಿ ಬಿಲ್ಲಿ ಐಲಿಷ್ 2024ರ ಮೊದಲ ತಿಂಗಳುಗಳಲ್ಲಿ ಈ ಪರಿಪಾಠವನ್ನು ದುಂದು ಎಂದು ಬಹಿರಂಗವಾಗಿ ಟೀಕಿಸಿದರು. ಅವರದೇ ಮುಂದಿನ ಆಲ್ಬಂ ಎಂಟು ಬಗೆಯಲ್ಲಿ ಬಂದಾಗ ಅವರನ್ನೂ ಜನ ಟೀಕಿಸಿದರು. ಆದರೂ ಆ ಎಂಟನ್ನೂ ಮರುಬಳಕೆಯ ಅಥವಾ ಬದಲಿ ಮೂಲದ ವಿನೈಲಿನಿಂದ ಮಾಡಿಸಿ, ಹಾಗೆಂದು ಹೇಳಿಕೊಂಡೇ ಮಾರಿದರು ಎಂಬುದನ್ನು ಮರೆಯಬಾರದು.

ಬಣ್ಣ ಕಾರ್ಖಾನೆಯಲ್ಲಿ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಒತ್ತುವ ಯಂತ್ರದ ಪಕ್ಕ ಪ್ಲಾಸ್ಟಿಕ್ ಕಾಳು ಕರಗಿ, ಬಿಸಿ ಬಿಸಿ ಮುದ್ದೆಯಾಗಿ ಹೊರಬರುತ್ತದೆ. ಅಂಗೈಯಗಲದ ಆ ಮುದ್ದೆಗೆ ಅವರು ಬಿಸ್ಕತ್ತು ಎನ್ನುತ್ತಾರೆ. ಚಿಮ್ಮಿದ ಚುಕ್ಕಿಯ ತಟ್ಟೆ ಬೇಕಾದರೆ ಆಳು ಬೇರೆ ಬಣ್ಣದ ಕಾಳನ್ನು ಅದರ ಮೇಲೆ ಕೈಯಲ್ಲೇ ಉದುರಿಸುತ್ತಾನೆ, ಒಗ್ಗರಣೆಗೆ ಸಾಸಿವೆ ಉದುರಿಸಿದ ಹಾಗೆ. ಎರಡು ಲೋಹದ ಅಚ್ಚಿನ ನಡುವೆ, ಉಗಿಯ ಬಿಸಿಯಲ್ಲಿ, ನೂರಕ್ಕೂ ಹೆಚ್ಚು ಟನ್ ಒತ್ತಡದಲ್ಲಿ ಅದು ಅರ್ಧ ನಿಮಿಷದೊಳಗೆ ತಟ್ಟೆಯಾಗುತ್ತದೆ. ಸುತ್ತಲೂ ಹೊರಚಾಚಿದ ಅಂಚನ್ನು ಕತ್ತರಿಸಿ ತೆಗೆಯುತ್ತಾರೆ. ಕಪ್ಪು ತಟ್ಟೆಯ ಕತ್ತರಿಕೆಯನ್ನು ಪುಡಿ ಮಾಡಿ ಮತ್ತೆ ಕಪ್ಪು ತಟ್ಟೆಗೇ ಹಾಕಬಹುದು, ಮಸಿ ಎಲ್ಲವನ್ನೂ ಮುಚ್ಚುತ್ತದೆ. ಗುಲಾಬಿಯ ಕತ್ತರಿಕೆ ತಿಳಿ ನೀಲಿಗೆ ಬರುವುದಿಲ್ಲ. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೊರಳುವಾಗ ಯಂತ್ರದ ಹೊಟ್ಟೆಯನ್ನು ಹೊಸ ಕಾಳಿನಿಂದ ತೊಳೆಯಬೇಕು. ಹಾಗೆ ತೊಳೆದು ಹೊರಬಿದ್ದ ಕಲಬೆರಕೆ ಬಣ್ಣದ ಮುದ್ದೆಯೂ ಸೇರಿ ಮೂಲೆಯಲ್ಲಿ ರಾಶಿ ಬೀಳುತ್ತದೆ. ಕೆಲವು ಕಾರ್ಖಾನೆಗಳು ಆ ರಾಶಿಯನ್ನೇ ಪುಡಿ ಮಾಡಿ, ಯಾವ ಬಣ್ಣ ಬಂದರೆ ಆ ಬಣ್ಣ ಎಂದು ಒತ್ತಿ ಮಾರುತ್ತಿವೆ. ಒಂದರಂತೆ ಇನ್ನೊಂದು ಇರದ ಆ ತಟ್ಟೆಗಳೇ ನನಗೆ ಎಲ್ಲಕ್ಕಿಂತ ಚೆಲುವಾಗಿ ಕಾಣುತ್ತವೆ.

ತಟ್ಟೆಯನ್ನೇ ಬಿಟ್ಟುಬಿಡಿ, ಮೊಬೈಲಿನಲ್ಲಿ ಕೇಳಿ ಎನ್ನುವವರಿಗೂ ಉತ್ತರ ಕೊಡಬೇಕು. ಕೈಲ್ ಡಿವೈನ್ ಎಂಬ ಸಂಗೀತ ವಿದ್ವಾಂಸರು ‘ಡಿಕಂಪೋಸ್ಡ್’ ಎಂಬ 2019ರ ಪುಸ್ತಕದಲ್ಲಿ ಈ ಲೆಕ್ಕ ಹಾಕಿದ್ದಾರೆ. ಅಮೆರಿಕದ ಧ್ವನಿಮುದ್ರಣ ಉದ್ಯಮ 1977ರಲ್ಲಿ 5.8 ಕೋಟಿ ಕಿಲೊ ಪ್ಲಾಸ್ಟಿಕ್ ಬಳಸಿತ್ತು. 2016ಕ್ಕೆ ಅದು ಸುಮಾರು 80 ಲಕ್ಷ ಕಿಲೊಗೆ ಇಳಿಯಿತು. ಆದರೆ ಹಸಿರುಮನೆ ಅನಿಲ 14 ಕೋಟಿ ಕಿಲೊದಿಂದ 20–35 ಕೋಟಿ ಕಿಲೊಗೆ ಏರಿತ್ತು. ಹಾಡು ಕೈಗೆ ಸಿಗದಂತಾದ ಮಾತ್ರಕ್ಕೆ ಅದರ ಭಾರ ಭೂಮಿಯ ಮೇಲಿಂದ ಇಳಿಯಲಿಲ್ಲ. ಅದೇ ಡಿವೈನ್ ಅಮೆರಿಕದ ಇಂದಿನ ತಟ್ಟೆಗಳ ಪಿವಿಸಿಯ ಜಾಡು ಹಿಡಿದು ಥಾಯ್ಲೆಂಡಿನ ಕಾರ್ಖಾನೆಯ ಬಾಗಿಲವರೆಗೆ ಹೋಗಿದ್ದರು. ಇತ್ತ ತಟ್ಟೆ ತಯಾರಕರ ಸಂಘಗಳೇ 2024ರಲ್ಲಿ ಲೆಕ್ಕ ಹಾಕಿ, 140 ಗ್ರಾಮಿನ ಒಂದು ತಟ್ಟೆಯ ಇಂಗಾಲದ ಹೊರೆ ಸುಮಾರು 1.15 ಕಿಲೊ ಎಂದವು. ಅದರಲ್ಲಿ ಅರ್ಧದಷ್ಟು ಪಿವಿಸಿಯಿಂದಲೇ ಬರುತ್ತದೆ. ಒಂದು ತಟ್ಟೆ ಐವತ್ತು ವರ್ಷ ಹಾಡಿದರೆ ಇದು ದೊಡ್ಡ ಹೊರೆಯಲ್ಲ. ನನ್ನ ತಂದೆ ಕೊಂಡ ತಟ್ಟೆಯನ್ನು ನಾನು ಇವತ್ತೂ ಕೇಳುತ್ತೇನೆ. ಆದರೆ ಎಂಟು ಬಣ್ಣದಲ್ಲಿ ಎಂಟು ಕೊಂಡು, ಏಳನ್ನು ಪ್ಲಾಸ್ಟಿಕ್ಕಿನ ಮುಸುಕು ಬಿಚ್ಚದೆ ಇಟ್ಟರೆ ಐವತ್ತು ವರ್ಷದ ವಾದ ನಿಲ್ಲುವುದಿಲ್ಲ.

ಬದಲಿ ವಸ್ತುಗಳು ಬರುತ್ತಿವೆ. ಕೋಲ್ಡ್‌ಪ್ಲೇ ತಂಡ 2024ರ ತನ್ನ ಆಲ್ಬಮ್ಮನ್ನು ತಲಾ ಒಂಬತ್ತು ಹಳೆಯ ನೀರಿನ ಬಾಟಲಿಗಳಷ್ಟು ಪೆಟ್ ಪ್ಲಾಸ್ಟಿಕ್ಕಿನಿಂದ ಮಾಡಿಸಿತು. ಅದರಲ್ಲಿ ಕ್ಲೋರಿನ್ ಇಲ್ಲ, ಸುಟ್ಟಾಗ ಪಿವಿಸಿಯಂತೆ ಆಮ್ಲದ ಹೊಗೆ ಬಿಡುವುದಿಲ್ಲ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಬಯೋವಿನೈಲ್ ಎಂಬುದರ ಬಗ್ಗೆ ಮಾತ್ರ ಸ್ವಲ್ಪ ಎಚ್ಚರ ಬೇಕು. ಅದರಲ್ಲಿ ಕಚ್ಚಾ ತೈಲದ ಬದಲು ಕರಿದು ಉಳಿದ ಅಡುಗೆ ಎಣ್ಣೆಯಂಥ ಮೂಲವನ್ನು ಬಳಸಿ ಪಿವಿಸಿ ಮಾಡುತ್ತಾರೆ. ಲೆಕ್ಕದ ರೀತಿ ನಮ್ಮ ಹಳ್ಳಿ ಡೇರಿಯದು. ನೀವು ಬೆಳಿಗ್ಗೆ ಹಾಕಿದ ಹಾಲು ಪುಸ್ತಕದಲ್ಲಿ ಬರೆದಿರುತ್ತದೆ, ಆದರೆ ಪ್ಯಾಕೆಟ್ಟಿನಲ್ಲಿ ಮನೆಗೆ ಬಂದದ್ದು ನಿಮ್ಮ ಹಸುವಿನದೇ ಎನ್ನಲಾಗುವುದಿಲ್ಲ. ಇಂಗಾಲದ ಲೆಕ್ಕದಲ್ಲಿ ಅದು ನಿಜವಾದ ಉಳಿತಾಯವೇ. ಆದರೆ ಕೊನೆಗೆ ಸಿಗುವುದು ಅದೇ ಪಿವಿಸಿ. ನಡುವೆ ಅದೇ ವಿನೈಲ್ ಕ್ಲೋರೈಡ್, ಅದೇ ಹಂಡೆ.

ತಟ್ಟೆಯ ಸಾವಿನ ಬಗ್ಗೆಯೂ ಒಂದು ಮಾತು, ಏಕೆಂದರೆ ನಮ್ಮೂರುಗಳಲ್ಲಿ ಇದನ್ನು ಹೇಳುವವರಿಲ್ಲ. ಗೀರಿಹೋದ ತಟ್ಟೆಯನ್ನು ಒಲೆಯಲ್ಲಿ ಬಿಸಿ ಮಾಡಿ ಬಟ್ಟಲಿನಂತೆ ಬಗ್ಗಿಸುವುದು, ಅದರಲ್ಲಿ ಕಡಲೆಕಾಯಿ ಹಾಕಿಡುವುದು ಬೇಡ. ಲೇಸರಿನಲ್ಲಿ ಕೊರೆದು ಗಡಿಯಾರ ಮಾಡಿಸುವುದೂ ಬೇಡ. ತಿಳಿದ ಲೇಸರ್ ಅಂಗಡಿಯವರು ಪಿವಿಸಿ ಎಂದರೆ ಯಂತ್ರಕ್ಕೆ ಇಡುವುದಿಲ್ಲ. ಆ ಹೊಗೆ ಯಂತ್ರದ ಕಬ್ಬಿಣವನ್ನೇ ತಿನ್ನುತ್ತದೆ, ಇನ್ನು ಆಳಿನ ಶ್ವಾಸಕೋಶವನ್ನು ಬಿಟ್ಟೀತೆ? ಕಸದ ಜೊತೆ ಬೀದಿಯಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಬೇಡವಾದ ತಟ್ಟೆಯನ್ನು ಹಳೆ ಪುಸ್ತಕದಂಗಡಿಗೆ ಕೊಡಿ. ಕೇಳುವವನು ಬಂದೇ ಬರುತ್ತಾನೆ.

ವಿನೈಲಿಗಿಂತ ಮುಂಚೆ ತಟ್ಟೆಯಾಗಿದ್ದದ್ದು ನಮ್ಮ ಅರಗು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಅಚ್ಚಾದದ್ದು ಅರಗಿನ ತಟ್ಟೆಯ ಮೇಲೆ. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗ, ಬೋರೆ ಮರಗಳ ರೆಂಬೆಗೆ ಹುಳು ಕಟ್ಟಿದ ಅಂಟು ಅದು. ಅದಕ್ಕೆ ಕಲ್ಲಿನ ಪುಡಿ, ಮಸಿ ಸೇರಿಸಿ ಒತ್ತುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಅರಗು ಸಿಗದಂತಾಗಿ ಅಮೆರಿಕ ವಿನೈಲಿನ ಕಡೆ ವಾಲಿತು. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತಂದ ಮೇಲೆ ಅರಗಿನ ಕಾಲ ಮುಗಿಯುತ್ತಾ ಬಂತು. ಅರಗಿನ ತಟ್ಟೆ ಬಿದ್ದರೆ ಒಡೆಯುತ್ತಿತ್ತು, ಮೂರು ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಾಡುತ್ತಿರಲಿಲ್ಲ. ಅದಕ್ಕೆ ಮರಳೋಣ ಎಂದು ನಾನು ಹೇಳುವುದಿಲ್ಲ. ಆದರೆ ಅರಗಿನ ಕೆಲಸ ಇನ್ನೂ ಜೀವಂತವಾಗಿರುವ ಊರು ನಮ್ಮ ಪಕ್ಕದಲ್ಲೇ ಇದೆ.

ಫೋನು ಬಂದ ಮುಂದಿನ ವಾರ ಚನ್ನಪಟ್ಟಣಕ್ಕೆ ಹೋದೆ. ಚರಕಿಗೆ ಸಿಕ್ಕಿಸಿದ ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತಿತ್ತು. ಕೆಲಸಗಾರರು ಹಳದಿ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿತು, ಗರಿಯಿಂದ ತೀಡಿದ ಮೇಲೆ ಮುಖ ಕಾಣುವ ಹೊಳಪು ಬಂತು. ಈ ಹಳದಿ ಯಾವುದರದು ಎಂದು ಕೇಳಿದೆ. ಕೆಲಸ ನಿಲ್ಲಿಸದೆ ಹೇಳಿದರು. “ಅರಿಶಿನ ಸಾರ್. ಆ ನೀಲಿ ಇಂಡಿಗೋ. ಮೂಲೇಲಿರೋ ಕೆಂಪು ಮಾತ್ರ ಅಂಗಡಿ ಬಣ್ಣ, ಅದನ್ನ ಗಿಲಕಿಗೆ ಹಾಕಲ್ಲ, ಮಕ್ಕಳು ಬಾಯಿಗೆ ಇಟ್ಕೋತವೆ. ಬಾಗಿಲ ತೋರಣಕ್ಕೆ ಹಾಕ್ತೀನಿ.” ನಾನು ಕೇಳಿದ್ದು ಒಂದು ಬಣ್ಣ, ಅವರು ಹೇಳಿದ್ದು ಮೂರು. ಕೊಳ್ಳುವವನು ಕೇಳಿದ್ದಕ್ಕೆ ಮಾಡಿದವನು ಕೊಡಬೇಕಾದ ಉತ್ತರ ಇಷ್ಟು ಸರಳವಾಗಿರುತ್ತದೆ.

ಮನೆಗೆ ಬಂದು ಅಣ್ಣನ ಮಗಳಿಗೆ ಫೋನು ಮಾಡಿದೆ. ಅವಳು ಕಂಪನಿಗೆ ಇನ್ನೊಂದು ಪತ್ರ ಬರೆಯುತ್ತಾ ಕೂತಿದ್ದಳು, ಈ ಸಲ ಮೂರೇ ಪ್ರಶ್ನೆ. ಈ ತಟ್ಟೆಯ ಕಾಪಿನ ವಸ್ತು ಯಾವುದು? ಈ ಕಿತ್ತಳೆ ಬಣ್ಣದ ಹೆಸರೇನು? ಪಿವಿಸಿ ಯಾವ ಊರಿನ ಕಾರ್ಖಾನೆಯಿಂದ ಬಂದದ್ದು? ಪಾಕದ ಅಳತೆ ನಮಗೆ ಬೇಡ, ಹೆಸರು ಸಾಕು, ಅದನ್ನು ಫೋಟೊ ತೆಗೆದವರ ಹೆಸರಿನ ಕೆಳಗೆ ಒಂದು ಸಾಲಿನಲ್ಲಿ ಅಚ್ಚು ಹಾಕಿ ಎಂದು ಕೊನೆಗೆ ಸೇರಿಸಿದ್ದಳು. ಓದಿ ಹೇಳಿದಳು. ಕೆಳಗೆ ನನ್ನ ಹೆಸರನ್ನೂ ಬರಿ ಎಂದೆ.